ಕೈ ಎತ್ತಿ ಕೇಳಿದ ವರ್ಷ

ಕಾದ ಇಟ್ಟಿಗೆಯ ಮೇಲೆ ನೀರು ಬಿದ್ದಾಗ ಏಳುವ ವಾಸನೆಗೆ ಮೊದಲ ಮಳೆಯ ಮಣ್ಣಿನ ವಾಸನೆಗಿರುವಷ್ಟು ಹೆಸರಿಲ್ಲ. ಕಳೆದ ವಾರ ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುತ್ತಿದ್ದರು. ಕೆಲಸಗಾರನೊಬ್ಬ ಇಟ್ಟಿಗೆಯ ರಾಶಿಗೆ ಪೈಪಿನಿಂದ ನೀರು ಹಿಡಿದಿದ್ದ. ಆ ವಾಸನೆ ಮೂಗಿಗೆ ತಾಕಿದೊಡನೆ ನನ್ನ ಕಾಲುಗಳು ತಾವಾಗಿ ನಿಂತವು.

ನಾನು ಆಗ ಹೊರಟಿದ್ದುದು ಶಿಕ್ಷಕರ ತರಬೇತಿಯೊಂದಕ್ಕೆ. ಶಾಲೆಯ ಕೆಲಸವನ್ನು ಬಿಟ್ಟ ಮೇಲೆ ನನಗೆ ಇಂಥ ಕರೆಗಳು ಬರುತ್ತಿರುತ್ತವೆ. ಸಾಮಾಜಿಕ ಜಾಲತಾಣಗಳನ್ನು ಶಾಲೆಗಳು ಹೇಗೆ ಬಳಸಬೇಕು ಎಂಬುದು ಅಂದಿನ ವಿಷಯ. ಚೀಲದಲ್ಲಿ ಅಂಶಗಳಾಗಿ ವಿಂಗಡಿಸಿದ ಟಿಪ್ಪಣಿಗಳಿದ್ದವು. ಅವನ್ನು ನಾನು ಹೊರತೆಗೆಯಲೇ ಇಲ್ಲ. ನಮ್ಮ ಶಾಲೆ ಬದುಕಿದ ಒಂದು ವರ್ಷದ ಕಥೆಯನ್ನು ಆ ಶಿಕ್ಷಕರಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕನ್ನಡ ಕಲಿಸಿದ ಶಾಲೆ ಆ ಇಟ್ಟಿಗೆ ರಾಶಿಯಿಂದ ಎರಡು ತಿರುವುಗಳಾಚೆ ಇದೆ. ಕಲ್ಲಿನ ಕಟ್ಟಡ, ಕೆಂಪು ಗಾರೆಯ ನೆಲ, ಅಂಗಳದಲ್ಲೊಂದು ಹೊಂಗೆಮರ. ಎಂಟರಿಂದ ಹತ್ತರವರೆಗೆ ಕನ್ನಡ ಮಾಧ್ಯಮ. ಗಾಂಧಿ ಬಜಾರಿನಲ್ಲಿ ಹೂ ಮಾರುವವರ, ಆಟೊ ಓಡಿಸುವವರ, ಬಟ್ಟೆ ಹೊಲಿಯುವವರ, ಮದುವೆಯ ಅಡುಗೆಗೆ ಹೋಗುವವರ ಮಕ್ಕಳು ನಮ್ಮಲ್ಲಿ ಓದುತ್ತಿದ್ದರು. ಹೊರಗಿನವರಿಗೆ ನಗು ತರಿಸುವ ಪದ್ಧತಿಯೊಂದು ನಮ್ಮಲ್ಲಿತ್ತು: ಕೈ ಎತ್ತದೆ ಯಾರೂ ಮಾತನಾಡುವಂತಿರಲಿಲ್ಲ. ಈ ನಿಯಮ ಮಕ್ಕಳಿಗೆ ಮಾತ್ರವಲ್ಲ, ಶಿಕ್ಷಕರ ಸಭೆಯಲ್ಲಿ ನಮಗೂ, ಪೋಷಕರ ಸಭೆಯಲ್ಲಿ ಪೋಷಕರಿಗೂ ಅನ್ವಯಿಸುತ್ತಿತ್ತು. ಮುಖ್ಯೋಪಾಧ್ಯಾಯರಾದ ಗಿರಿಯಪ್ಪನವರೂ ಕೈ ಎತ್ತಿಯೇ ಮಾತು ಆರಂಭಿಸುತ್ತಿದ್ದರು. ಯಾರು ಮೊದಲು ಇದನ್ನು ಜಾರಿಗೆ ತಂದರೋ ನನಗೆ ತಿಳಿಯದು. ನಾನು ಕೆಲಸಕ್ಕೆ ಸೇರಿದ ದಿನ, ಸಹಿ ಎಲ್ಲಿ ಹಾಕಬೇಕೆಂದು ಕೇಳಿದಾಗ, "ಕೈ ಎತ್ತಿ ಕೇಳಿ ಮೇಡಂ" ಎಂದು ಗುಮಾಸ್ತರು ಗಂಭೀರವಾಗಿ ಹೇಳಿದ್ದು ಮಾತ್ರ ನೆನಪಿದೆ.

ಆ ವರ್ಷ ದೀಪಾವಳಿಯ ರಜೆ ಮುಗಿದ ವಾರ ಆಡಳಿತ ಮಂಡಳಿಯ ಕಾರ್ಯದರ್ಶಿಗಳಾದ ಶ್ರೀಕಂಠಯ್ಯನವರು ಶಿಕ್ಷಕರ ಕೊಠಡಿಗೆ ಬಂದು ಕುಳಿತರು. ಕಾಫಿ ತರಿಸಿದರು. ಒಳ್ಳೆಯ ಸುದ್ದಿಗೆ ಅವರು ಎಂದೂ ಕಾಫಿ ತರಿಸಿದವರಲ್ಲ.

"ನಾನೇನು ಶತ್ರು ಅಲ್ಲ ಮೇಡಂ," ಎಂದರು, ನನ್ನನ್ನು ನೋಡಿ. "ನಮ್ಮಪ್ಪ ಇಲ್ಲೇ ಓದಿದ್ದು. ಆದ್ರೆ ಖಾಲಿ ಬೆಂಚಿಗೆ ಪಾಠ ಮಾಡಕ್ಕಾಗುತ್ತಾ ಹೇಳಿ? ಈ ಸಲ ಎಂಟನೇ ಕ್ಲಾಸಿಗೆ ಬಂದಿರೋ ಮಕ್ಕಳನ್ನ ಒಂದು ಆಟೋದಲ್ಲಿ ಕೂರಿಸ್ಬೋದು. ಬರೋ ಜೂನಿಗೂ ಹಿಂಗೇ ಆದ್ರೆ ಎಂಟನೇ ಕ್ಲಾಸ್ ತೆಗೆಯೋದು ಬೇಡ ಅಂತ ಮಂಡಳಿ ತೀರ್ಮಾನ ಮಾಡಿದೆ."

ಎಂಟನೆಯದು ನಿಂತರೆ ಮರುವರ್ಷ ಒಂಬತ್ತನೆಯದಿಲ್ಲ, ಅದರ ಮರುವರ್ಷ ಹತ್ತನೆಯದೂ ಇಲ್ಲ. ಶಾಲೆಯನ್ನು ಯಾರೂ ಮುಚ್ಚಬೇಕಾಗಿರಲಿಲ್ಲ, ಅದು ತಾನಾಗಿ ಆರಿಹೋಗುತ್ತಿತ್ತು. ಗಿರಿಯಪ್ಪನವರ ನಿವೃತ್ತಿಗೆ ಆಗ ಒಂದು ವರ್ಷವಷ್ಟೇ ಉಳಿದಿತ್ತು. ಅವರು ಕಾಫಿಯನ್ನು ಮುಟ್ಟಲಿಲ್ಲ.

ವಿಜ್ಞಾನದ ಶಿಕ್ಷಕಿ ಸುಮಾ ಕೈ ಎತ್ತಿದಳು. ನಮ್ಮಲ್ಲೆಲ್ಲ ಅವಳೇ ಕಿರಿಯಳು. "ಸಾರ್, ನಮ್ಮ ಶಾಲೆ ಇದೆ ಅಂತಾನೇ ಪಕ್ಕದ ರಸ್ತೆಯವರಿಗೆ ಗೊತ್ತಿಲ್ಲ. ಒಂದು ಪೇಜ್ ಮಾಡೋಣ. ಪಾಠದ ವಿಡಿಯೊ ಹಾಕೋಣ. ಎಲ್ಲರ ಕೈಲೂ ಫೋನ್ ಇದೆ."

ಗಿರಿಯಪ್ಪನವರು ಒಪ್ಪಿದರು. "ಮಾಡಿ. ಆದ್ರೆ ಶಾಲೆ ಥರಾನೇ ಇರ್ಬೇಕು," ಎಂದರು.

ಆ ಮಾತನ್ನು ನಾವು ಅಕ್ಷರಶಃ ಪಾಲಿಸಿದೆವು. ಪ್ರಪಂಚದ ಬೇರೆ ಯಾವ ಶಾಲೆಯೂ ಮಾಡಿರಲಾರದ ಕೆಲಸವೊಂದನ್ನು ಮಾಡಿದೆವು: ಇಡೀ ಒಂದು ಪೀರಿಯಡನ್ನು, ಗಂಟೆ ಬಾರಿಸಿದಲ್ಲಿಂದ ಗಂಟೆ ಬಾರಿಸುವವರೆಗೆ, ಪುಟಕ್ಕೆ ಏರಿಸಿದೆವು. ಅದು ನನ್ನ ಸಂಧಿ ಪ್ರಕರಣದ ಪಾಠ. ಹಾಜರಿ ಕೂಗಿದ್ದೂ ಅದರಲ್ಲಿತ್ತು, ಕಪ್ಪುಹಲಗೆ ಒರೆಸಿದ್ದೂ ಇತ್ತು. ಕೊನೆಗೆ ನಾನು ಟಿಪ್ಪಣಿ ಬರೆಯಿಸಿ ಮನೆಗೆಲಸವನ್ನೂ ಕೊಟ್ಟಿದ್ದೆ. ಕ್ಯಾಮೆರಾ ಇಟ್ಟಿದ್ದು ಕೊನೆಯ ಬೆಂಚಿನ ಹಿಂದೆ, ಆದ್ದರಿಂದ ಮಕ್ಕಳ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಪಾಠದ ನಡುವೆ ಯಾರೂ ಮಾತನಾಡಬಾರದೆಂದು ಗಿರಿಯಪ್ಪನವರು ಕಾಮೆಂಟುಗಳನ್ನೂ ಮುಚ್ಚಿಸಿದರು.

ಒಂದು ವಾರ ಕಳೆದ ಮೇಲೆ ಸುಮಾಳನ್ನು ವಿಚಾರಿಸಿದೆ.

"ಕೊನೇ ತನಕ ನೋಡಿದ್ದು ನಮ್ಮಮ್ಮ ಒಬ್ರೇ ಮಿಸ್," ಎಂದಳು. "ಅವ್ರೂ ಮಧ್ಯದಲ್ಲಿ ನಿದ್ದೆ ಹೋಗಿದ್ರು. ಗಂಟೆ ಹೊಡೆದಾಗ ಎಚ್ಚರ ಆಯ್ತಂತೆ."

ನಾನೇ ಮೊದಲು ನಕ್ಕೆ. ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲೂ ಹಾಗೆಯೇ ಆಗುತ್ತಿತ್ತೆಂಬುದನ್ನು ಬಲ್ಲವಳು ನಾನು.

ಆಮೇಲೆ ಗಿರಿಯಪ್ಪನವರು, ಸುಮಾ, ನಾನು ಮೂವರೂ ಕುಳಿತು ಸರಿಯಾಗಿ ಆಲೋಚಿಸಿದೆವು. ಒಂದು ವಿಡಿಯೊದಲ್ಲಿ ಒಂದೇ ವಿಷಯವಿರಬೇಕು. ಅದನ್ನು ಮಕ್ಕಳೇ ಮಾಡಿ ತೋರಿಸಬೇಕು, ಮಕ್ಕಳೇ ಹೇಳಬೇಕು. ಕಾಫಿ ಆರುವುದರೊಳಗೆ ಅದು ಮುಗಿಯಬೇಕು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ನಾನು ಒಂದು ನಿಬಂಧನೆಯನ್ನು ಸೇರಿಸಿದೆ: ಮಕ್ಕಳ ಮುಖ ಕಾಣಬಾರದು, ಹೆಸರೂ ಬೇಡ. ಕೈ ಮತ್ತು ದನಿ ಸಾಕು. ಅದಕ್ಕೂ ತಂದೆತಾಯಿಯನ್ನು ಮೊದಲು ಕೇಳಬೇಕು.

"ಮುಖ ಇಲ್ದೆ ಯಾರು ನೋಡ್ತಾರೆ ಮಿಸ್?"

"ಕಪ್ಪುಹಲಗೆಗೆ ಮುಖ ಇದೆಯೇನಮ್ಮಾ? ಅದನ್ನೇ ನೋಡಿ ತಾನೆ ನೀನೂ ಟೀಚರ್ ಆಗಿದ್ದು?"

ಸುಮಾ ಒಪ್ಪಿದಳು. ಅಂದಿನಿಂದ ನಮ್ಮ ಪುಟದಲ್ಲಿ ಕೈಗಳು ಕಾಣಿಸಿಕೊಂಡವು. ಹುಣಸೆಹಣ್ಣಿನಿಂದ ತಾಮ್ರದ ಚೊಂಬನ್ನು ಉಜ್ಜುವ ಕೈ, ಕಾಗದವನ್ನು ಮಡಿಸಿ ತ್ರಿಭುಜದ ಮೂರು ಕೋನಗಳನ್ನು ಒಂದೇ ಗೆರೆಯ ಮೇಲೆ ಕೂರಿಸುವ ಕೈ, ನಿಂಬೆಹಣ್ಣಿಗೆ ತಂತಿ ಚುಚ್ಚುವ ಕೈ. ಉಗುರಲ್ಲಿ ಮಣ್ಣಿದ್ದ ಕೈಗಳಿದ್ದವು, ಮದರಂಗಿಯಿದ್ದ ಕೈಗಳೂ ಇದ್ದವು. ಒಬ್ಬ ಹುಡುಗನ ಅಂಗೈಯಲ್ಲಿ ಕ್ರಿಕೆಟ್ ಅಂಕಗಳನ್ನು ಬರೆದುಕೊಂಡದ್ದು ಹಾಗೆಯೇ ಉಳಿದಿತ್ತು.

ಕಾಮೆಂಟುಗಳನ್ನು ತೆರೆದ ಮೊದಲನೆಯ ದಿನವೇ ಯಾರೋ ಕೊಳಕು ಮಾತು ಬರೆದರು. ಮತ್ತೊಬ್ಬರು ಅದಕ್ಕೆ ಇನ್ನೂ ಕೊಳಕಾಗಿ ಉತ್ತರಿಸಿದರು. ಮುಚ್ಚಿಬಿಡೋಣವೆಂದು ಸುಮಾ ಅಂದಳು. ಗಿರಿಯಪ್ಪನವರು ಬೇಡವೆಂದರು. "ಕ್ಲಾಸಲ್ಲಿ ಗಲಾಟೆ ಆದ್ರೆ ಸ್ಕೂಲ್ ಮುಚ್ತೀವಾ? ನಮ್ಮ ನಿಯಮ ಏನು, ಅದನ್ನೇ ಅಲ್ಲೂ ಹಾಕಿ."

ನಾನು ಬರೆದುಕೊಟ್ಟ ಪಠ್ಯ ಈಗಲೂ ಆ ಪುಟದ ನೆತ್ತಿಯಲ್ಲಿದೆ: "ಇದು ತರಗತಿ. ಪ್ರಶ್ನೆ ಕೇಳುವವರು ಕೈ ಎತ್ತಬೇಕು. ಕೈ ಎತ್ತಿದವರಿಗೆ ಮಕ್ಕಳು ಉತ್ತರಿಸುವರು. ಗದ್ದಲ ಮಾಡುವವರನ್ನು ಹೊರಗೆ ನಿಲ್ಲಿಸಲಾಗುವುದು." ಫೋನಿನ ಚಿಹ್ನೆಗಳಲ್ಲಿ ಎತ್ತಿದ ಹಸ್ತವೊಂದಿದೆಯಷ್ಟೆ. ಪ್ರಶ್ನೆಯ ಮೊದಲಲ್ಲಿ ಅದನ್ನು ಹಾಕಿದವರಿಗೆ ಮಾತ್ರ ಉತ್ತರ.

ಜನ ಪಾಲಿಸುವರೆಂದು ನಾನು ನಂಬಿರಲಿಲ್ಲ. ಪಾಲಿಸಿದರು! ಮೊದಲ ಹಸ್ತ ಬಂದದ್ದು ಮಲ್ಲೇಶ್ವರದ ಹಿರಿಯರೊಬ್ಬರಿಂದ: "ವಿದ್ಯುತ್ ತಂತಿಯ ಮೇಲೆ ಕುಳಿತ ಹಕ್ಕಿಗೆ ಶಾಕ್ ಹೊಡೆಯದೇಕೆ? ಎಪ್ಪತ್ತು ದಾಟಿದ ಮೇಲೆ ಕೇಳುತ್ತಿದ್ದೇನೆ, ನಗಬೇಡಿ." ಆಟೊ ಓಡಿಸುವವರೊಬ್ಬರು ಮಳೆಯಲ್ಲಿ ಗಾಜಿನ ಒಳಮೈ ಮಂಜಾಗುವುದೇಕೆಂದು ಕೇಳಿದರು. ಇನ್ನೊಬ್ಬರು ಹಸ್ತದ ಚಿಹ್ನೆಯನ್ನು ಹಾಕಿ, "ಮಿಸ್, ನನ್ನನ್ನು ಹೊರಗೆ ನಿಲ್ಲಿಸಬೇಡಿ, ಆಗಲೇ ಮನೆಯಲ್ಲಿ ನಿಲ್ಲಿಸಿದ್ದಾರೆ" ಎಂದು ಬರೆದರು. ಅದು ಪ್ರಶ್ನೆಯಲ್ಲದಿದ್ದರೂ ಗಿರಿಯಪ್ಪನವರು ಕ್ಷಮಿಸಿದರು.

ಪ್ರತಿದಿನ ಪ್ರಾರ್ಥನೆಯಾದ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ಹೊಂಗೆಮರದ ಕೆಳಗೆ ಸೇರಿ ಹಿಂದಿನ ದಿನದ ಪ್ರಶ್ನೆಗಳನ್ನು ಹಂಚಿಕೊಳ್ಳುತ್ತಿದ್ದರು. ಫೋನು ಸುಮಾಳದು, ಮಕ್ಕಳ ಕೈಗೆ ಅದು ಹೋಗುತ್ತಿರಲಿಲ್ಲ. ಕೊಳಕನ್ನು ಅವಳೇ ಮೊದಲು ಗುಡಿಸಿ, ಉಳಿದದ್ದನ್ನು ಓದಿ ಹೇಳುತ್ತಿದ್ದಳು. ಮಕ್ಕಳು ಪುಸ್ತಕ ತೆರೆದು, ವಾದ ಮಾಡಿ, ಉತ್ತರವನ್ನು ಬರೆದು ನನ್ನ ಬಳಿಗೆ ತರುತ್ತಿದ್ದರು. ನಾನು ವಾಕ್ಯಗಳನ್ನು ತಿದ್ದಿ ಸಹಿ ಹಾಕಿದ ಮೇಲೆ ಅವು ಪುಟಕ್ಕೆ ಹೋಗುತ್ತಿದ್ದವು. ಪರೀಕ್ಷೆಗೆಂದು ಬರೆಯುವಾಗ ಅರ್ಧಕ್ಕೆ ನಿಲ್ಲಿಸುತ್ತಿದ್ದ ಮಕ್ಕಳು, ಮಲ್ಲೇಶ್ವರದ ತಾತನಿಗೆ ತಿಳಿಯಬೇಕೆಂದು ಬರೆಯುವಾಗ ಕ್ರಿಯಾಪದವನ್ನು ಬಿಡುತ್ತಿರಲಿಲ್ಲ. ನನ್ನ ಇಷ್ಟು ವರ್ಷಗಳ ಕೆಂಪು ಶಾಯಿ ಸಾಧಿಸದ್ದನ್ನು ಆ ತಾತ ಸಾಧಿಸಿದರು. ಹೊಟ್ಟೆಕಿಚ್ಚಾಗಲಿಲ್ಲ ಎನ್ನಲಾರೆ.

ಬೇಸಿಗೆ ರಜೆ ಬಂತು. ಹತ್ತಿರದ ಮನೆಗಳ ಮಕ್ಕಳು ರಜೆಯಲ್ಲೂ ಬೆಳಿಗ್ಗೆ ಬರುತ್ತಿದ್ದರು. ಏಪ್ರಿಲಿನ ಒಂದು ಸಂಜೆ ಆಲಿಕಲ್ಲು ಸಹಿತ ಜೋರು ಮಳೆಯಾಗಿ ಊರಿನ ಅರ್ಧ ರಸ್ತೆಗಳು ಹೊಳೆಗಳಾದವು. ಮರುದಿನ ಹಸ್ತಗಳ ಸಾಲೇ ಬಂದಿತ್ತು. ಎಲ್ಲರ ಪ್ರಶ್ನೆಯೂ ಒಂದೇ: ನದಿಯಿಲ್ಲದ ಊರಿನಲ್ಲಿ ಇಷ್ಟು ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಯನ್ನು ಲಾವಣ್ಯ ವಹಿಸಿಕೊಂಡಳು. ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿ ಇಟ್ಟಿದ್ದ ಗೌರಮ್ಮನ ಮಗಳು, ಆಗಷ್ಟೇ ಒಂಬತ್ತನೆಯ ತರಗತಿಯನ್ನು ಮುಗಿಸಿದ್ದಳು. ಬಿಸಿಲಿಗೆ ಕಾದಿದ್ದ ಇಟ್ಟಿಗೆಗಳನ್ನು ಅಂಗಳದಲ್ಲಿ ಒಂದು ಸಾಲಾಗಿ ಜೋಡಿಸಿ, ಗಿರಿಯಪ್ಪನವರ ಹೆಗಲ ಮೇಲಿನ ಟವೆಲನ್ನೇ ಕೇಳಿ ಪಡೆದು ಅವುಗಳ ಮೇಲೆ ಹೊದಿಸಿದಳು. ಚೊಂಬಿನಿಂದ ನೀರನ್ನು ಆ ಸಾಲಿನ ನೆತ್ತಿಯ ಮೇಲೆ ಸಣ್ಣಗೆ ಸುರಿದಳು. ಇಟ್ಟಿಗೆಯಿಂದ ಆ ವಾಸನೆ ಎದ್ದಿತು. ನೀರು ಎರಡು ಕಡೆಗೂ ಸೀಳಿ ಹರಿಯಿತು.

"ನಮ್ಮ ಬೆಂಗ್ಳೂರು ಇರೋದು ಹಿಂಗೆ ಒಂದು ಎತ್ತರದ ಬೆನ್ನ ಮೇಲೆ," ಎಂದಿತು ವಿಡಿಯೊದಲ್ಲಿ ಅವಳ ದನಿ. "ಈ ಕಡೆ ಬಿದ್ದ ಮಳೆ ವೃಷಭಾವತಿ ಸೇರಿ ಕಾವೇರಿ ಕಡೆ ಹೋಗುತ್ತೆ. ಆ ಕಡೆ ಬಿದ್ದಿದ್ದು ದಕ್ಷಿಣ ಪಿನಾಕಿನಿ ಕಡೆ. ನೀರಿಗೆ ಇಲ್ಲಿ ನಿಂತ್ಕೊಳ್ಳೋ ಮನಸ್ಸೇ ಇಲ್ಲ." ಕೈ ಟವೆಲಿನ ಇಳಿಜಾರಿನಲ್ಲಿ ಒಂದು ಬೆಂಕಿಪೆಟ್ಟಿಗೆಯನ್ನು ಇಟ್ಟಿತು. ನೀರು ಅದಕ್ಕೆ ಬಡಿದು ನಿಂತು, ಉಕ್ಕಿತು. "ನಾವೇ ಅಡ್ಡ ಕೂತಿರೋದು."

ಆ ವಿಡಿಯೊ ಹಬ್ಬಿದ ಬಗೆಯನ್ನು ನಾನು ವರ್ಣಿಸಲಾರೆ. ತರಕಾರಿ ಕೊಳ್ಳಲು ಹೋದಲ್ಲಿ ಅಪರಿಚಿತರ ಫೋನಿನಿಂದ ಲಾವಣ್ಯಳ ದನಿ ಕೇಳಿಬರುತ್ತಿತ್ತು. ಶ್ರೀಕಂಠಯ್ಯನವರು ಮೈಸೂರುಪಾಕನ್ನು ತಂದು ಎಲ್ಲರಿಗೂ ಹಂಚಿದರು.

ಆ ದಿನಗಳಲ್ಲೇ ಓಕಳಿಪುರದ ತಾಯಿಯೊಬ್ಬರು ಕೈ ಎತ್ತಿದರು. "ನಮ್ಮ ಮನೆ ರೈಲು ಹಳಿಯ ಪಕ್ಕದಲ್ಲಿದೆ. ರೈಲು ಬರುವಾಗ ಗೂಡಿನಲ್ಲಿರುವ ಪಾತ್ರೆಗಳಲ್ಲಿ ಒಂದೇ ಒಂದು ಲೋಟ ಗಣಗಣ ಅನ್ನುತ್ತದೆ. ಬೇರೆಯವೆಲ್ಲ ಸುಮ್ಮನಿರುತ್ತವೆ. ಏಕೆಂದು ನನ್ನ ಮಗಳು ಕೇಳುತ್ತಾಳೆ."

ಮಕ್ಕಳು ತಡಕಾಡಿದರು. ಒಬ್ಬ ಲೋಟ ತೂತಾಗಿರಬೇಕು ಎಂದ, ಇನ್ನೊಬ್ಬಳು ಗೂಡು ಸೊಟ್ಟಗಿರಬೇಕು ಎಂದಳು. ಸುಮಾಳಿಗೆ ಉತ್ತರ ಗೊತ್ತಿತ್ತು, ಆದರೆ ಅವಳು ಬಾಯಿ ಬಿಡಲಿಲ್ಲ. ಕೊನೆಗೆ ಲಾವಣ್ಯ ಬರೆದು ತಂದ ಉತ್ತರ: "ನಮಗೆ ಗೊತ್ತಿಲ್ಲ. ಹುಡುಕಿ ಹೇಳುತ್ತೇವೆ."

ವಾಕ್ಯದಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಸಹಿ ಹಾಕಿದೆ. ಗಿರಿಯಪ್ಪನವರು ಮಾತ್ರ ಕಳವಳಗೊಂಡರು. "ಮೇಡಂ, ಅಡ್ಮಿಷನ್ ಟೈಮಲ್ಲಿ ಶಾಲೇನೇ ಗೊತ್ತಿಲ್ಲ ಅಂದ್ರೆ ಹೆಂಗೆ?"

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆದ ಮಗುಗೆ ನಾನು ಯಾವತ್ತೂ ಅಂಕ ಕಳೆದಿಲ್ಲ ಸಾರ್."

ಅವರು ತಲೆಯಾಡಿಸಿದರು. ಉತ್ತರ ಪುಟಕ್ಕೆ ಹೋಯಿತು.

ಮೇ ತಿಂಗಳ ನಡುವಿನಲ್ಲಿ ನಮಗೆ ಆಘಾತವಾಯಿತು. ವಿಡಿಯೊವನ್ನು ಅಷ್ಟು ಜನ ನೋಡಿದ್ದರೂ ಎಂಟನೆಯ ತರಗತಿಗೆ ಅರ್ಜಿ ಕೊಟ್ಟವರು ಕೆಲವರೇ. ಶ್ರೀಕಂಠಯ್ಯನವರಿಗೆ ತಾಳ್ಮೆ ತಪ್ಪಿತು. ಅವರ ಅಕ್ಕನ ಮಗ ಗಾಂಧಿನಗರದಲ್ಲಿ ಜಾಹೀರಾತಿನ ಕೆಲಸ ಮಾಡುತ್ತಿದ್ದ. ನಮ್ಮಲ್ಲಿ ಯಾರಿಗೂ ತಿಳಿಸದೆ ಆತನನ್ನು ಗಾಂಧಿ ಬಜಾರಿಗೆ ಕಳುಹಿಸಿದರು. ಶಾಲೆಯ ವಿಡಿಯೊ ಎಂದಾಗ ಲಾವಣ್ಯ ಎಂದಿನಂತೆ ಕೈಗಳನ್ನು ಮಾತ್ರ ತೆಗೆಯುವರೆಂದು ನಂಬಿ, ಅಮ್ಮನ ಪಕ್ಕದಲ್ಲಿ ಕುಳಿತು ಹೂ ಕಟ್ಟಿ ತೋರಿಸಿದಳು. ಆತ ಅವಳ ಮುಖವನ್ನು, ಅವಳಮ್ಮನ ಹರಿದ ಸೆರಗನ್ನು, ಅಂಗಡಿಯ ಮೇಲಿನ ಸೋರುವ ತಾಡಪಾಲನ್ನು ತೆಗೆದುಕೊಂಡು ಹೋದ. ಪುಟದ ಪಾಸ್‌ವರ್ಡನ್ನು ಸುಮಾಳಿಂದ ಶ್ರೀಕಂಠಯ್ಯನವರು ಮೊದಲೇ ಪಡೆದಿದ್ದರು. ಮರುದಿನ ಬೆಳಿಗ್ಗೆ ಪಿಟೀಲಿನ ಅಳುರಾಗದೊಡನೆ ಅದು ನಮ್ಮ ಪುಟದಲ್ಲಿತ್ತು. ಶೀರ್ಷಿಕೆ: "ಬಡ ಹೂವಾಡಗಿತ್ತಿಯ ಮಗಳು ಲಾವಣ್ಯ, ಊರಿಗೇ ಪಾಠ ಹೇಳಿದಳು."

ಆ ದಿನ ಒಬ್ಬರೂ ಕೈ ಎತ್ತಲಿಲ್ಲ. ಅಯ್ಯೋ ಪಾಪ ಎಂದವರೇ ಎಲ್ಲ. ದುಡ್ಡು ಕಳಿಸಲು ನಂಬರ್ ಕೊಡಿ ಎಂದವರಿದ್ದರು. ಇಲ್ಲಿ ಬರೆಯಬಾರದ ಮಾತುಗಳನ್ನು ಬರೆದವರೂ ಇದ್ದರು.

ಮಧ್ಯಾಹ್ನ ಗೌರಮ್ಮ ಶಾಲೆಗೆ ಬಂದರು. ವ್ಯಾಪಾರದ ಹೊತ್ತಿನಲ್ಲಿ ಅಂಗಡಿಯನ್ನು ಬಿಟ್ಟು ಬರುವವರಲ್ಲ ಅವರು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ನಾವೆಲ್ಲರೂ ಇದ್ದೆವು, ಶ್ರೀಕಂಠಯ್ಯನವರೂ ಇದ್ದರು. ಗೌರಮ್ಮ ಕೈ ಎತ್ತಲಿಲ್ಲ.

"ಬೆಳಿಗ್ಗೆಯಿಂದ ಹೂ ತಗೊಳ್ಳೋರು ಒಬ್ರೂ ಬಂದಿಲ್ಲ ಮಿಸ್. ಬರೋರೆಲ್ಲ ಫೋಟೋ ತೆಗೆಯೋರೆ. ಒಬ್ಬ ಐನೂರರ ನೋಟು ಬುಟ್ಟಿಗೆ ಹಾಕ್ದ. ಮೊಳ ಎಷ್ಟು ಬೇಕು ಅಂದ್ರೆ, ಹೂ ಬೇಡಮ್ಮ ಇಟ್ಕೊ ಅಂತಾನೆ. ನಾನು ವ್ಯಾಪಾರ ಮಾಡ್ತಿದೀನಿ, ಭಿಕ್ಷೆ ಬೇಡ್ತಿಲ್ಲ. ಮಗಳು ಕದ ಹಾಕ್ಕೊಂಡು ಒಳಗೆ ಕೂತವ್ಳೆ. ಅವಳ ಟಿ.ಸಿ. ಕೊಟ್ಬಿಡಿ. ಬೇರೆ ಕಡೆ ಓದಿಸ್ತೀನಿ."

ಅಷ್ಟು ಹೇಳಿ ಹೊರಗೆ ಜಗುಲಿಯಲ್ಲಿ ಕುಳಿತರು. ಒಳಗೆ ಶ್ರೀಕಂಠಯ್ಯನವರು ತಗ್ಗಿದ ದನಿಯಲ್ಲಿ ಹೇಳಿದರು: "ಎರಡು ದಿನ ಬಿಟ್ರೆ ಆಯಮ್ಮ ಸರಿ ಹೋಗ್ತಾಳೆ. ಎಷ್ಟು ಜನ ನೋಡ್ತಿದಾರೆ ಗೊತ್ತಾ? ಈಗ ಡಿಲೀಟ್ ಮಾಡಿದ್ರೆ ಎಂಟನೇ ಕ್ಲಾಸ್ ಅಲ್ಲಿಗೆ ಮುಗೀತು. ನಿಮ್ಮಿಷ್ಟ."

ಗಿರಿಯಪ್ಪನವರು ತಮ್ಮ ಕುರ್ಚಿಯಲ್ಲಿ ಕುಳಿತಂತೆಯೇ ಕೈ ಎತ್ತಿದರು.

"ಏನ್ರೀ ಇದು, ನಿಮ್ಮ ರೂಮಲ್ಲಿ ನೀವೇ ಕೈ ಎತ್ತೋದು!"

"ಒಂದು ಪ್ರಶ್ನೆ ಇದೆ ಸಾರ್. ಆ ಹುಡುಗೀನ ಕೇಳಿದ್ರಾ?"

"ಏನಂತ?"

"ಮುಖ ತೋರಿಸ್ಬೋದಾ ಅಂತ."

"ಅವಳಿಗೂ ಒಳ್ಳೇದಾಗ್ಲಿ ಅಂತಾನೇ..."

"ಕೇಳಿದ್ರಾ ಸಾರ್?"

ಶ್ರೀಕಂಠಯ್ಯನವರು ಕಿಟಕಿಯ ಕಡೆ ನೋಡಿದರು. "ಇಲ್ಲ," ಎಂದರು.

"ತೆಗೀರಿ ಸುಮಾ," ಎಂದರು ಗಿರಿಯಪ್ಪನವರು.

ನಿವೃತ್ತಿಯ ಅಂಚಿನಲ್ಲಿದ್ದ ಆ ಮನುಷ್ಯರು ಅಷ್ಟು ಮಂದಿಯ ಗಮನವನ್ನು ಒಂದು ಮಾತಿನಲ್ಲಿ ಬಿಟ್ಟುಕೊಟ್ಟರು. ಅದರೊಡನೆ ತಮ್ಮ ಶಾಲೆಯನ್ನೂ ಬಿಟ್ಟುಕೊಡುತ್ತಿರಬಹುದೆಂಬ ಅರಿವು ಅವರಿಗಿತ್ತು. ನಾನು ಕೆಲಸ ಮಾಡಿದ್ದು ಇಂಥವರ ಕೈಕೆಳಗೆ ಎಂದು ಇಂದಿಗೂ ಎಲ್ಲ ತರಬೇತಿಗಳಲ್ಲಿ ಹೇಳುತ್ತೇನೆ.

ತೆಗೆದುಹಾಕಿದರೆ ಸಾಲದು, ತಪ್ಪೊಪ್ಪಿಕೊಳ್ಳಬೇಕು ಎಂದು ನಾನೆಂದೆ. "ಒಬ್ಬ ವಿದ್ಯಾರ್ಥಿನಿಯ ಮುಖವನ್ನು, ಆಕೆಯನ್ನೂ ಆಕೆಯ ತಾಯಿಯನ್ನೂ ಕೇಳದೆ, ಈ ಪುಟದಲ್ಲಿ ತೋರಿಸಲಾಯಿತು" ಎಂದು ಬರೆದೆ. ಗಿರಿಯಪ್ಪನವರು ಓದಿ, "ಯಾರು ತೋರಿಸಿದ್ದು ಅನ್ನೋದೂ ಇರ್ಲಿ ಮೇಡಂ" ಎಂದರು. ಕೊನೆಯ ಪದವನ್ನು ಹೊಡೆದುಹಾಕಿ, "ತೋರಿಸಿದೆವು. ಅದು ತಪ್ಪು. ತೆಗೆದಿದ್ದೇವೆ. ಹಂಚಿಕೊಂಡವರು ದಯವಿಟ್ಟು ನೀವೂ ಅಳಿಸಿರಿ" ಎಂದು ಮುಗಿಸಿದೆ. ಪುಟಕ್ಕೆ ಏರಿಸುವ ಮೊದಲು ಅದನ್ನು ಜಗುಲಿಗೆ ಹೋಗಿ ಗೌರಮ್ಮನಿಗೆ ಓದಿ ಹೇಳಿದೆ. ಅವರು ಕೇಳಿ ಎದ್ದುಹೋದರು. ಟಿ.ಸಿ.ಯನ್ನು ಮತ್ತೆ ಕೇಳಲಿಲ್ಲ. ಸುಮಾ ಆ ದಿನವೇ ಪಾಸ್‌ವರ್ಡನ್ನು ಬದಲಾಯಿಸಿದಳು.

ಪುಟ ತಣ್ಣಗಾಯಿತು. ಪಾಪ ಎಂದವರೆಲ್ಲ ಬೇರೆ ಪಾಪವನ್ನು ಹುಡುಕಿಕೊಂಡು ಹೋದರು. ಉಳಿದವರು ಹಳೆಯ ಕೈಗಳು: ಮಲ್ಲೇಶ್ವರದ ತಾತ, ಆಟೊದವರು, ಮತ್ತಷ್ಟು ಮಂದಿ.

ನಾಲ್ಕಾರು ದಿನ ಬಿಟ್ಟು ನಾನು ಗಾಂಧಿ ಬಜಾರಿಗೆ ಹೋದೆ. ಗೌರಮ್ಮ ಮಲ್ಲಿಗೆಗೆ ನೀರು ಚಿಮುಕಿಸುತ್ತಿದ್ದರು. ಲಾವಣ್ಯ ಹಿಂದೆ ತಲೆ ತಗ್ಗಿಸಿ ಕುಳಿತಿದ್ದಳು.

"ಎರಡು ಮೊಳ ಕೊಡಿ," ಎಂದೆ.

ಗೌರಮ್ಮ ಅಳೆದರು. ಕೊಟ್ಟ ನೋಟನ್ನು ನೋಡಿ, ಚಿಲ್ಲರೆಯನ್ನು ಎಣಿಸಿ ನನ್ನ ಅಂಗೈಗೆ ಹಾಕಿದರು. ಆಮೇಲೆ, "ಬಿಸಿಲಲ್ಲಿ ಯಾಕೆ ನಿಂತಿದೀರಿ ಮಿಸ್, ನೆರಳಿಗೆ ಬನ್ನಿ" ಎಂದರು.

ನಾನು ಒಳಬಂದು ಕುಳಿತೆ. ಲಾವಣ್ಯಳೊಡನೆ ಏನು ಮಾತಾಡಬೇಕೆಂದು ಸಿದ್ಧಪಡಿಸಿಕೊಂಡು ಹೋಗಿದ್ದೆ. ಅವಳೇ ಮೊದಲು ಕೇಳಿದಳು.

"ಮಿಸ್, ಆ ಲೋಟದ ಪ್ರಶ್ನೆಗೆ ಉತ್ತರ ಕೊಟ್ರಾ?"

"ಇಲ್ಲಮ್ಮ. ನೀನು ಬರೆದಿದ್ದೇ ಇದೆ. ಹುಡುಕಿ ಹೇಳ್ತೀವಿ ಅಂತ."

"ಯಾರೂ ಹುಡುಕ್ಲಿಲ್ವಾ? ಛೇ, ಏನ್ ಮಿಸ್ ಇದು! ಅವ್ರು ಕಾಯ್ತಿರ್ತಾರಲ್ಲ."

ಗೌರಮ್ಮ ಮಗಳ ಕಡೆ ತಿರುಗಿ ನೋಡಿದರು. "ಹೋಗೇ ಹಂಗಾದ್ರೆ. ಇಲ್ಲಿ ಕೂತು ಮಲ್ಲಿಗೆ ಯಾಕೆ ಬಾಡಿಸ್ತೀಯ," ಎಂದರು. ಬಳಿಕ ನನಗೆ: "ಕೈ ಮಾತ್ರ ಮಿಸ್."

"ಕೈ ಮಾತ್ರ," ಎಂದೆ.

ಸುಮಾ ಪ್ರಯೋಗಾಲಯದಿಂದ ಬಡಿದರೆ ಒಂದೇ ಸ್ವರದಲ್ಲಿ ಗುನುಗುವ ಎರಡು ಶ್ರುತಿಕವೆಗಳನ್ನು, ಅಂದರೆ ಟ್ಯೂನಿಂಗ್ ಫೋರ್ಕುಗಳನ್ನು, ಅವುಗಳ ಮರದ ಪೆಟ್ಟಿಗೆಗಳ ಸಮೇತ, ತಂದಿಟ್ಟು ಸುಮ್ಮನಾದಳು. ಮಕ್ಕಳು ಎರಡು ದಿನ ಅವನ್ನು ಬಡಿದರು. ಒಂದನ್ನು ಬಡಿದು ಹಿಡಿದು ನಿಲ್ಲಿಸಿದರೂ, ಮುಟ್ಟದೆ ಇದ್ದ ಇನ್ನೊಂದು ಗುನುಗುವುದನ್ನು ಕಂಡುಹಿಡಿದವಳು ಲಾವಣ್ಯ. ವಿಡಿಯೊದಲ್ಲಿ ಅವಳ ಕೈ ಆ ಇನ್ನೊಂದರ ತುದಿಗೆ ಸ್ವಲ್ಪ ಮೇಣವನ್ನು ಮೆತ್ತುತ್ತದೆ, ಆಗ ಅದು ಗುನುಗುವುದಿಲ್ಲ.

"ಒಂದೊಂದು ವಸ್ತುಗೂ ಅದರದ್ದೇ ಒಂದು ನಡುಕ ಇರುತ್ತೆ," ಎನ್ನುತ್ತದೆ ದನಿ. "ರೈಲಿನ ನಡುಕ ನಿಮ್ಮ ಆ ಲೋಟದ ನಡುಕಕ್ಕೆ ಹೊಂದ್ತಿರ್ಬೇಕು. ಅದಕ್ಕೆ ಅದೊಂದೇ ಓಗೊಡುತ್ತೆ. ಲೋಟಕ್ಕೆ ಅರ್ಧ ನೀರು ಹಾಕಿ ಇಡಿ. ಸುಮ್ಮನಾದ್ರೆ ನಮಗೆ ಹೇಳಿ. ಆಗದಿದ್ರೂ ಹೇಳಿ."

ಹೆಚ್ಚು ಮಂದಿ ಅದನ್ನು ನೋಡಲಿಲ್ಲ. ಮರುದಿನ ಓಕಳಿಪುರದಿಂದ ಒಂದು ಹಸ್ತ ಬಂತು: "ಸುಮ್ಮನಾಯಿತು."

ದಾಖಲಾತಿಯ ಕೊನೆಯ ವಾರ. ಮುಂಗಾರಿನ ಜಿನುಗುಮಳೆ ಹಿಡಿದಿತ್ತು. ಗಿರಿಯಪ್ಪನವರು ಜಗುಲಿಯಲ್ಲಿ ಮೇಜು ಹಾಕಿಸಿಕೊಂಡು ಬೆಳಗಿನಿಂದ ಗೇಟನ್ನೇ ನೋಡುತ್ತಿದ್ದರು. ಮೊದಲ ದಿನ ಬಂದವರು ಇಬ್ಬರು. ಎರಡನೆಯ ದಿನ ಆಟೊವೊಂದು ಒಳಗೇ ಬಂದು ನಿಂತಿತು. ಗಾಜಿನ ಮಂಜಿನ ಬಗ್ಗೆ ಕೇಳಿದ್ದವರೇ ಅದನ್ನು ಓಡಿಸಿಕೊಂಡು ಬಂದಿದ್ದರು. ಜೊತೆಗೆ ತಮ್ಮ ಮಗನನ್ನು, ತಮ್ಮ ವಠಾರದ ಇನ್ನಷ್ಟು ಮಕ್ಕಳನ್ನು, ಅವರ ಅಮ್ಮಂದಿರನ್ನು ಕರೆತಂದಿದ್ದರು. "ಇವ್ರೆಲ್ಲ ನಾನು ಹೇಳಿದ್ದಕ್ಕೆ ಬಂದಿದಾರೆ ಸಾರ್, ನನ್ನ ಮಾನ ನಿಮ್ಮ ಕೈಲಿದೆ," ಎಂದರು. ಮಲ್ಲೇಶ್ವರದ ತಾತನಿಗೆ ಸೇರಿಸಲು ಮಕ್ಕಳಿರಲಿಲ್ಲ, ಆದರೆ ತಮ್ಮ ಮನೆಗೆಲಸದವರ ಅವಳಿ ಹೆಣ್ಣುಮಕ್ಕಳನ್ನು ಅವರ ತಾಯಿಯೊಡನೆ ಬಸ್ಸು ಹತ್ತಿಸಿ ಕಳುಹಿಸಿದ್ದರು. ಬಂದವರಲ್ಲಿ ಪಿಟೀಲಿನ ವಿಡಿಯೊವನ್ನು ಕಂಡು ಬಂದವರು ಒಬ್ಬರೂ ಇರಲಿಲ್ಲ. ಎಲ್ಲರೂ ಎಂದೋ ಪ್ರಶ್ನೆ ಕೇಳಿ, ಮ‌ಕ್ಕಳಿಂದ ಉತ್ತರ ಪಡೆದವರು, ಅಥವಾ ಅವರ ನೆಂಟರು, ನೆರೆಯವರು.

ಕೊನೆಯ ದಿನ ಓಕಳಿಪುರದ ಆ ತಾಯಿ ಬಂದರು. ಮಗಳು ಅವರ ಕೊಡೆಯ ಕೆಳಗಿದ್ದಳು. ಅವರ ಬಡಾವಣೆಯ ಶಾಲೆ ಏಳಕ್ಕೆ ಮುಗಿಯುತ್ತಿತ್ತು.

"ಇಷ್ಟು ದೂರ ಕಳಿಸ್ತೀರಾ ಅಮ್ಮ?" ಎಂದು ಗಿರಿಯಪ್ಪನವರು ಕೇಳಿದರು.

"ಎಲ್ಲಾ ಸ್ಕೂಲೂ ನಮಗೆಲ್ಲಾ ಗೊತ್ತು ಅಂತಾರೆ ಸಾರ್. ಗೊತ್ತಿಲ್ಲ, ಹುಡುಕಿ ಹೇಳ್ತೀವಿ ಅಂದಿದ್ದು ನೀವೊಬ್ರೇ. ಹೇಳಿದ್ರಿ ಕೂಡ. ಆದ್ರೂ ನಮ್ಮನೆಯವ್ರು ಒಪ್ಪಿರ್ಲಿಲ್ಲ. ಆ ಹುಡುಗಿ ಮುಖ ಹಾಕಿದ್ರಲ್ಲ, ನಾಳೆ ನಮ್ಮ ಮಗೂನೂ ಹಿಂಗೇ ಹಾಕ್ತಾರೆ ಅಂದ್ರು. ನೀವು ತೆಗೆದು, ತಪ್ಪಾಯ್ತು ಅಂತ ಬರೆದ್ರಿ. ಅದನ್ನ ನಾನೇ ಅವ್ರಿಗೆ ಓದಿ ಹೇಳ್ದೆ. ಆಮೇಲೆ ಬಸ್ ಪಾಸ್ ವಿಚಾರಿಸ್ಕೊಂಡು ಬಂದ್ರು."

ಶ್ರೀಕಂಠಯ್ಯನವರು ಪಕ್ಕದಲ್ಲೇ ನಿಂತಿದ್ದರು. ಅವರು ಕೊಡೆಯನ್ನು ಆ ತಾಯಿಯ ಕೈಯಿಂದ ತೆಗೆದುಕೊಂಡು, ನೀರನ್ನು ಕೊಡವಿ, ಗೋಡೆಗೆ ಒರಗಿಸಿ ಇಟ್ಟರು.

ಆ ಸಂಜೆ ಗಿರಿಯಪ್ಪನವರು ದಾಖಲಾತಿ ಅರ್ಜಿಗಳನ್ನು ಕಾರ್ಯದರ್ಶಿಗಳ ಮುಂದಿಟ್ಟರು. ಶ್ರೀಕಂಠಯ್ಯನವರು ಅವನ್ನು ಓದದೆಯೇ ಎದ್ದು ಎಂಟನೆಯ ತರಗತಿಯ ಕೋಣೆಗೆ ನಡೆದರು. ಎಂಟನೆಯ ತರಗತಿಗೆ ಮಕ್ಕಳು ಕಡಿಮೆಯಾದಂದಿನಿಂದ ಅರ್ಧ ಕೋಣೆಯೇ ಅವರಿಗೆ ಸಾಕಾಗುತ್ತಿತ್ತು. ನಡುವೆ ಮರದ ತಡಿಕೆಯೊಂದನ್ನು ನಿಲ್ಲಿಸಿ, ಆಚೆಗೆ ಮುರಿದ ಕುರ್ಚಿಗಳನ್ನು ತುಂಬಿದ್ದೆವು. ಈಗ ಬಂದ ಮಕ್ಕಳಿಗೆ ಅರ್ಧ ಕೋಣೆ ಸಾಲುವಂತಿರಲಿಲ್ಲ. ಸುಮಾ ಕುರ್ಚಿಗಳನ್ನು ಹೊರಗೆಳೆದಳು, ನಾನು ಬಲೆ ಗುಡಿಸಿದೆ. ತಡಿಕೆಯ ಒಂದು ತುದಿಯನ್ನು ಗಿರಿಯಪ್ಪನವರು ಹಿಡಿದರು. ಇನ್ನೊಂದು ತುದಿಯನ್ನು ಶ್ರೀಕಂಠಯ್ಯನವರು, ಜರತಾರಿ ಶಲ್ಯವನ್ನು ಸೊಂಟಕ್ಕೆ ಬಿಗಿದುಕೊಂಡು, ಹಿಡಿದರು. ಇಬ್ಬರು ಹಿರಿಯರು ಏದುಸಿರು ಬಿಡುತ್ತ ಅದನ್ನು ಜಗುಲಿಗೆ ತಂದರು.

"ಎಲ್ಲಿ ಇಡೋದ್ರೀ ಇದನ್ನ?" ಎಂದರು ಶ್ರೀಕಂಠಯ್ಯನವರು.

"ಎಲ್ಲಾದ್ರೂ ಇಡಿ ಸಾರ್," ಎಂದರು ಗಿರಿಯಪ್ಪನವರು. "ವಾಪಸ್ ತರೋ ಹಾಗಿಲ್ಲ."